ಅಲಗಿನ ಮೇಲೆ ಯಾರ ಹೆಸರು?

ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ರಾಣೆಬೆನ್ನೂರು ಹತ್ತಿರದ ಒಂದು ಹಳ್ಳಿ. ಹುಬ್ಬಳ್ಳಿಯಲ್ಲಿ ನೌಕರಿ. ಎರಡು ವರ್ಷದಿಂದ ಮಡಚುವ ಚಾಕುವಿನ ಕಿಟ್ ತರಿಸಿ, ಮನೆಯಲ್ಲೇ ಜೋಡಿಸುತ್ತಿದ್ದೇನೆ. ಅಲಗು, ಹಿಡಿಕೆಯೊಳಗೆ ಕೂರುವ ಲೈನರ್ ತಗಡು, ಸ್ಕ್ರೂ ಎಲ್ಲಾ ಕಿಟ್‌ನಲ್ಲೇ ಬರುತ್ತವೆ. ಹಿಡಿಕೆಯ ಕಟ್ಟಿಗೆ ಮಾತ್ರ ನನ್ನದು. ಅಜ್ಜನ ಕಾಲದ ಚಕ್ಕಡಿ ಮುರಿದಾಗ ಉಳಿದ ಜಾಲಿ ಕಟ್ಟಿಗೆ. ಈಗ ಗೆಳೆಯರು ದುಡ್ಡು ಕೊಟ್ಟು ಕೇಳುತ್ತಿದ್ದಾರೆ. ಮೂರು ಚಾಕುಗಳ ಅಲಗಿನ ಮೇಲೆ ನನ್ನ ಹೆಸರು ಮತ್ತು ‘ಕೈಯಿಂದ ಮಾಡಿದ್ದು, ಹುಬ್ಬಳ್ಳಿ’ ಅಂತ ಹಾಕಿದ್ದೇನೆ. ಒಂದು ಈಗಾಗಲೇ ಬ್ಯಾಡಗಿಯ ಗೆಳೆಯನಿಗೆ 1,800 ರೂಪಾಯಿಗೆ ಹೋಗಿದೆ. ‘ಎಲ್ಲರೂ ಹಾಕ್ತಾರೆ, ಹಾಕು’ ಅಂತ ಅವನು. ‘ಅದು ಸುಳ್ಳಾಗುತ್ತೆ’ ಅಂತ ನನ್ನ ಹೆಂಡತಿ. ಇನ್ನೂ ಒಂಬತ್ತಕ್ಕೆ ಹೆಸರು ಹಾಕುವುದಿದೆ. ಜೊತೆಗೆ ಎರಡು ಚಾಕುಗಳಲ್ಲಿ ಮಡಚಿದಾಗ ಅಲಗು ಒಂದು ಕಡೆ ಉಜ್ಜುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯವರು ಹೇಳಿದ್ದು ಸರಿ. ಕಿಟ್‌ನಲ್ಲಿ ಬಂದ ಅಲಗಿನ ಮೇಲೆ ‘ಕೈಯಿಂದ ಮಾಡಿದ್ದು, ಹುಬ್ಬಳ್ಳಿ’ ಅಂತ ಹಾಕಬೇಡಿ. ಹಾಗಂತ ಹೆಸರನ್ನೇ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಚಕ್ಕಡಿಯ ಜಾಲಿ ಕಟ್ಟಿಗೆ ಸೀಳಿ, ತೀಡಿ, ಚಾಕುವಿಗೆ ಹೊಂದುವ ಹಾಗೆ ಕೂರಿಸಿದ್ದೀರಿ. ಜಾಲಿ ಎಷ್ಟು ಗಟ್ಟಿ ಅಂತ ಕೈಯಿಂದ ಅರ ಹಾಕಿದವರಿಗೇ ಗೊತ್ತು. ಆ ಕೆಲಸ ಪೂರ್ತಿ ನಿಮ್ಮದು. ಅದರ ಮೇಲೆ ನಿಮ್ಮ ಹೆಸರು ಬರಲೇಬೇಕು. ಎಲ್ಲಿ, ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಆ ಉಜ್ಜುವ ಅಲಗು ನೋಡೋಣ. ಚಾಕು ಸರಿಯಾಗುವ ತನಕ ಅದರ ಮೇಲೆ ಯಾರ ಹೆಸರೂ ಬೇಡ.

ನೀವು ಕಳಿಸಿದ ಫೋಟೊ ನೋಡಿದರೆ ನಿಮ್ಮದು ಲೈನರ್ ಲಾಕ್ ಕಿಟ್. ಅಲಗು ಪೂರ್ತಿ ತೆರೆದಾಗ, ಒಳಗಿನ ತಗಡಿನಲ್ಲಿ ಸೀಳಿಬಿಟ್ಟ ಪಟ್ಟಿ ಪಕ್ಕಕ್ಕೆ ಜಿಗಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುವ ಜಾತಿ. ಇದರಲ್ಲಿ ಅಲಗು ವಾಲಿದರೆ ತಪ್ಪು ಅಲಗಿನದಾಗಿರುವುದು ಕಡಿಮೆ. ಕೀಲಿನ ಎರಡೂ ಕಡೆ ಒಂದೊಂದು ತೆಳು ವಾಷರ್ ಇರಬೇಕು, ಫಾಸ್ಫರ್ ಬ್ರಾಂಜ್‌ನದೋ ನೈಲಾನ್‌ನದೋ. ಒಂದು ಕಡೆ ಎರಡು ಕೂತು, ಇನ್ನೊಂದು ಕಡೆ ಒಂದೂ ಇಲ್ಲದ ಚಾಕುಗಳು ನನ್ನ ಮೇಜಿಗೆ ಎಷ್ಟೋ ಬಂದಿವೆ. ಇನ್ನೊಂದು ಕಾರಣ ಅಂಟು. ಕಟ್ಟಿಗೆ ಅಂಟಿಸುವಾಗ ಅರಾಲ್ಡೈಟ್ ಸ್ಕ್ರೂ ತೂತಿನೊಳಗೆ ಇಳಿದು, ತಗಡಿನ ಒಳಮೈಗೆ ಹರಿದು, ಅಲ್ಲೇ ಒಣಗಿರುತ್ತದೆ. ಕೀಲಿನ ಹತ್ತಿರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಓರೆ ಇದ್ದರೂ, ಅಲಗಿನ ತುದಿಗೆ ಬರುವಷ್ಟರಲ್ಲಿ ಅದು ಒಂದು ಮಿಲಿಮೀಟರ್ ಆಗಿರುತ್ತದೆ.

ಹಾಗಾಗಿ ಮೊದಲು ಪೂರ್ತಿ ಬಿಚ್ಚಿ. ಅಲಗಿನ ಬಾಯಿಗೆ, ಅಂದರೆ ಹರಿತವಾದ ಅಂಚಿಗೆ, ಎರಡು ಸುತ್ತು ಟೇಪ್ ಹಾಕಿಕೊಂಡೇ ಕೈ ಹಚ್ಚಿ. ಸ್ಕ್ರೂಗಳು ನಕ್ಷತ್ರದ ಬಾಯಿಯವು, ಹೆಚ್ಚಾಗಿ ಟಿ6 ಮತ್ತು ಟಿ8 ಅಳತೆಯವು. ಅಗ್ಗದ ಬಿಟ್ ತಂದರೆ ಅದರ ಅಂಚು ಸವೆದು ಸ್ಕ್ರೂ ತಲೆಯೂ ಹಾಳಾಗುತ್ತದೆ. ಇಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಬಿಚ್ಚಿದ ಮೇಲೆ ಎರಡೂ ಲೈನರ್‌ಗಳನ್ನು ಒಂದು ಗಾಜಿನ ಮೇಲಿಟ್ಟು ಅಲ್ಲಾಡುತ್ತವೆಯೇ ಅಂತ ನೋಡಿ. ಲಾಕ್‌ನ ಪಟ್ಟಿ ಒಳಕ್ಕೆ ಬಾಗಿರುವುದು ಸಹಜ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಒಣಗಿದ ಅಂಟನ್ನು ಬ್ಲೇಡಿನಿಂದ ಹೆರೆದು, ಸ್ಪಿರಿಟ್ ಹಾಕಿ ಒರೆಸಿ. ಆಮೇಲೆ ಕಟ್ಟಿಗೆ ಇಲ್ಲದೆ, ಬರೀ ತಗಡು ಮತ್ತು ಅಲಗು ಇಟ್ಟು ಜೋಡಿಸಿ. ಎಲ್ಲಾ ಸ್ಕ್ರೂ ಅರ್ಧ ಬಿಗಿ ಮಾಡಿ, ಕೀಲು ಬಿಗಿ ಮಾಡಿ, ಮತ್ತೆ ಉಳಿದವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಈಗ ಅಲಗು ನಡುವೆ ನಿಂತರೆ ತಪ್ಪು ಕಟ್ಟಿಗೆಯದು ಅಂತ ಗೊತ್ತಾಯಿತು.

ನನಗೆ ಕಟ್ಟಿಗೆಯ ಮೇಲೇ ಅನುಮಾನ ಜಾಸ್ತಿ. ಚಕ್ಕಡಿಯ ಕಟ್ಟಿಗೆ ಹಳೆಯದು ನಿಜ, ಆದರೆ ಅದರ ಹೊರಮೈ ಒಣಗಿದಷ್ಟು ಒಳಮೈ ಒಣಗಿರುವುದಿಲ್ಲ. ಸೀಳಿದ ಮೇಲೆ ಒಳಗಿನ ಮೈ ಗಾಳಿಗೆ ಬರುತ್ತದೆ. ಆಗ ಅದು ಮತ್ತೊಮ್ಮೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಂಟಿಸಿದ ಪಟ್ಟಿ ಮುಂದಿನ ಏಪ್ರಿಲ್‌ನಲ್ಲಿ, ಗದಗ-ರಾಣೆಬೆನ್ನೂರು ಕಡೆಯ ಬಿಸಿಲಿಗೆ ಕುಗ್ಗಿ ತಗಡನ್ನೇ ಬಾಗಿಸುತ್ತದೆ. ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಸೀಳಿದ ಪಟ್ಟಿಗಳನ್ನು ಒಂದು ತಿಂಗಳು ನೆರಳಿನಲ್ಲಿ, ನಡುನಡುವೆ ಕಡ್ಡಿ ಇಟ್ಟು, ಮೇಲೆ ಭಾರ ಹೇರಿ ಬಿಡಿ. ಆಮೇಲೆ ಒಳಮೈಯನ್ನು ಗಾಜಿನ ಮೇಲೆ ಅಂಟಿಸಿದ 120ರ ಪಾಲಿಶ್ ಪೇಪರ್‌ಗೆ ಉಜ್ಜಿ ಸಪಾಟು ಮಾಡಿ. ತಗಡಿನ ಮೈಯನ್ನೂ ಒರಟು ಮಾಡಿ ಅಂಟಿಸಿ, ಒಂದು ದಿನ ಪೂರ್ತಿ ಮುಟ್ಟಬೇಡಿ. ಐದು ನಿಮಿಷದ ಅಂಟು ಬೇಡ. ಕ್ಲಾಂಪ್ ಕೂಡ ಹದವಾಗಿ ಬಿಗಿಯಿರಲಿ. ಜೋರಾಗಿ ಹಿಂಡಿದರೆ ಅಂಟೆಲ್ಲಾ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ.

ಕೊನೆಯ ಜೋಡಣೆಯಲ್ಲಿ ಕೀಲಿನ ಸ್ಕ್ರೂ ಎಳೆಗೆ, ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಬಣ್ಣದ ಲಾಕ್‌ಟೈಟ್ ಅಂಟು ಹಚ್ಚಿ, ಹಲ್ಲುಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಸಾಕು. ಅದು ವಾಷರಿಗೆ ಹರಿದರೆ ಅಲಗು ಅಲ್ಲಾಡುವುದಿಲ್ಲ. ಮತ್ತೆ ಬಿಚ್ಚಬೇಕಾಗುತ್ತದೆ.

ಈಗ ಲಾಕ್. ಇದರಲ್ಲಿ ರಾಜಿ ಬೇಡ. ಅಲಗು ತೆರೆದು, ಬುಡದ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ಲಾಕ್‌ನ ಪಟ್ಟಿ ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧ ಭಾಗದ ತನಕ ಕೂತಿರಬೇಕು. ಅಂಚಿಗೆ ಮಾತ್ರ ತಾಗಿದ್ದರೆ ಜಾರುತ್ತದೆ. ಇನ್ನೊಂದು ಅಂಚಿನ ತನಕ ಹೋಗಿದ್ದರೆ ಮುಂದೆ ಸವೆಯಲು ಜಾಗವೇ ಇಲ್ಲ. ಆಮೇಲೆ ಅಲಗಿನ ಬೆನ್ನನ್ನು ಒಂದು ಮರದ ತುಂಡಿನ ಮೇಲಿಟ್ಟು, ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟುಕೊಂಡು, ನಿಧಾನವಾಗಿ ಒತ್ತಿ. ಬಡಿಯಬೇಡಿ. ಒತ್ತಿದಾಗ ಮಡಚಿಕೊಂಡರೆ ಆ ಚಾಕುವನ್ನು ಯಾರಿಗೂ ಕೊಡಬೇಡಿ, ಪುಕ್ಕಟೆಯಾಗಿಯೂ ಬೇಡ. ಅದು ಯಾರದೋ ಬೆರಳಿನ ಪ್ರಶ್ನೆ.

ಇಷ್ಟು ಆದ ಮೇಲೆ ಹೆಸರಿನ ಮಾತು. ಇದಕ್ಕೆ ನನ್ನದೇ ಒಂದು ಅನುಭವ ಹೇಳಬೇಕು.

ನಾನು ಆಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಟೂಲ್ ರೂಮಿನಲ್ಲಿ ಹೊಸದಾಗಿ ಸೇರಿದ್ದೆ. ಮುಂಬೈನಿಂದ ಬಂದ ಒಂದು ತಯಾರಾದ ಅಲಗಿಗೆ ಎಮ್ಮೆ ಕೊಂಬಿನ ಹಿಡಿಕೆ ಕೂರಿಸಿದ್ದೆ. ಮೂರು ವಾರದ ಕೆಲಸ. ಆಮೇಲೆ ಕಾರ್ಖಾನೆಯ ಕೆತ್ತುವ ಮಷಿನ್‌ನಲ್ಲಿ ಅಲಗಿನ ಮೇಲೆ ನನ್ನ ಹೆಸರನ್ನು ದೊಡ್ಡದಾಗಿ ಕೆತ್ತಿಕೊಂಡೆ. ಶಿಗ್ಗಾವಿ ಕಡೆ ನಮ್ಮ ಸಂಬಂಧಿಕರ ಊರಲ್ಲಿ ಒಬ್ಬ ಹಿರಿಯ ಕಮ್ಮಾರರಿದ್ದರು. ಕುಡುಗೋಲು ಮಾಡುವುದರಲ್ಲಿ ಸುತ್ತಲಿನ ಹತ್ತು ಹಳ್ಳಿಗೆ ಅವರದೇ ಹೆಸರು. ಅವರಿಗೆ ತೋರಿಸೋಣ ಅಂತ ಹೋದೆ. ಕುಲುಮೆ ಮುಂದೆ ಕೂತಿದ್ದವರು ಕೈ ಒರೆಸಿಕೊಂಡು ಚಾಕು ತಗೊಂಡರು. ಮೊದಲು ಹೆಸರು ನೋಡಲೇ ಇಲ್ಲ. ಅಲಗನ್ನು ಉಗುರಿನಿಂದ ಮೀಟಿ ಕಿವಿಗೆ ಹಿಡಿದರು. ಬಾಯಿಯನ್ನು ಹೆಬ್ಬೆರಳಿನ ಮೇಲೆ ಅಡ್ಡಡ್ಡ ಎಳೆದು ನೋಡಿದರು. ಆಮೇಲೆ ಕೇಳಿದರು: “ಇದಕ್ಕ ನೀರ ಯಾರ ಕುಡಿಸ್ಯಾರ?”

ನೀರು ಕುಡಿಸುವುದು ಅಂದರೆ ಕೆಂಪಗೆ ಕಾಯಿಸಿದ ಅಲಗನ್ನು ಅದ್ದಿ ಗಡಸು ಮಾಡುವುದು. ಚಾಕುವಿನ ಜೀವ ಇರುವುದೇ ಅಲ್ಲಿ. ನನಗೆ ಗೊತ್ತಿಲ್ಲ, ಮುಂಬೈದಾಗ ಮಾಡಿದ್ದು ಅಂದೆ. ಅವರು ನನ್ನ ಹೆಸರಿನ ಮೇಲೆ ಬೆರಳಿಟ್ಟು, “ಹಂಗಾರ ಇಲ್ಲಿ ಅವರ ಹೆಸರ ಇರಬೇಕಿತ್ತಲ್ಲಪಾ” ಅಂದರು. ದನಿಯಲ್ಲಿ ಬೈಗುಳ ಇರಲಿಲ್ಲ. ಆಮೇಲೆ ಚಾಕು ತಿರುಗಿಸಿ ಹಿಡಿಕೆಯನ್ನು ಅಂಗೈಯಲ್ಲಿ ಎರಡು ಸಲ ಒತ್ತಿ ನೋಡಿದರು. “ಹಿಡಿಕಿ ಭಾಳ ಚಲೋ ಆಗೇತಿ. ಇಲ್ಲಿ ಹಾಕು ನಿನ್ನ ಹೆಸರ” ಅಂದರು. ಅವತ್ತಿನಿಂದ ನಾನು ಹೆಸರು ಹಾಕುವ ಜಾಗ ಬದಲಾಯಿತು. ನಿಮಗೂ ಅದನ್ನೇ ಹೇಳುತ್ತಿದ್ದೇನೆ.

ಯಾಕೆ ಅಲಗು ಅಷ್ಟು ಮುಖ್ಯ? ಅದರಲ್ಲಿರುವ ದೊಡ್ಡ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಯಾವ ಉಕ್ಕು, ಎಷ್ಟು ಕಾಯಿಸಿದರು, ಗಡಸು ಮಾಡಿದ ಮೇಲೆ ಮತ್ತೆ ಎಷ್ಟು ಬಿಸಿ ಕೊಟ್ಟು ಬಿರುಸು ಇಳಿಸಿದರು, ಇದೆಲ್ಲಾ ಕಿಟ್ ಮಾಡಿದವರ ಕೈಯಲ್ಲಿ ಆಗಿಹೋಗಿದೆ. ಒಳ್ಳೆಯ ಮಡಚುವ ಚಾಕುವಿನ ಅಲಗು, ಗಡಸುತನ ಹೇಳುವ ರಾಕ್‌ವೆಲ್ ಸಿ ಅಳತೆಯಲ್ಲಿ, 58ರಿಂದ 60ರ ಆಸುಪಾಸು ಇರುತ್ತದೆ. 52 ಇದ್ದರೂ ನೋಡಲು ಹಾಗೇ ಇರುತ್ತದೆ, ಆದರೆ ಎರಡು ದಿನಕ್ಕೆ ಮೊಂಡಾಗುತ್ತದೆ. ತೀರಾ ಗಡಸಾಗಿ ಬಿರುಸು ಉಳಿದಿದ್ದರೆ ಮೊನೆ ಪಟ್ ಅಂತ ಮುರಿಯುತ್ತದೆ. ಕೊಂಡವರು ಅಲಗಿನ ಮೇಲಿನ ಹೆಸರು ನೋಡಿ, ಇದೆಲ್ಲಾ ಈ ಮನುಷ್ಯನಿಗೆ ಗೊತ್ತು ಅಂತ ನಂಬುತ್ತಾರೆ. ಮೊನೆ ಮುರಿದ ದಿನ ಅವರು ಬರುವುದು ನಿಮ್ಮ ಬಾಗಿಲಿಗೆ. ಆಗ ಏನಂತ ಹೇಳುತ್ತೀರಿ?

ಅಲಗಿನ ಮೇಲಿನ ಮುದ್ರೆ ಹುಟ್ಟಿದ್ದೇ ಈ ಜವಾಬ್ದಾರಿಯಿಂದ. ಇಂಗ್ಲೆಂಡಿನ ಶೆಫೀಲ್ಡ್ ಚಾಕು ಮಾಡುವವರ ಊರು. ಅಲ್ಲಿಯ ಕುಶಲಕರ್ಮಿಗಳ ಸಂಘ 1624ರಲ್ಲಿ ಪಾರ್ಲಿಮೆಂಟಿನ ಕಾನೂನಿನಿಂದಲೇ ಹುಟ್ಟಿತು. ಯಾರ ಮುದ್ರೆ ಯಾವುದು ಅಂತ ದಾಖಲೆ ಇಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಅಲ್ಲಿ ಚಾಕು ಮಾಡುತ್ತಿದ್ದ ರಾಜರ್ಸ್ ಮನೆತನ ಬಳಸಿದ ನಕ್ಷತ್ರ ಮತ್ತು ಶಿಲುಬೆಯ ಮುದ್ರೆ 1682ರದು. 19ನೇ ಶತಮಾನದಲ್ಲಿ ಜರ್ಮನಿಯ ಜೋಲಿಂಗೆನ್ ಊರಿನಲ್ಲಿ ಮಾಡಿದ ಚಾಕುಗಳು ಶೆಫೀಲ್ಡ್ ಅಂತ ಬರೆದುಕೊಂಡು ಪೇಟೆಗೆ ಬರತೊಡಗಿದವು. ಶೆಫೀಲ್ಡಿನವರು ಗಲಾಟೆ ಮಾಡಿದರು. 1887ರಲ್ಲಿ ಬ್ರಿಟನ್ ಒಂದು ಕಾನೂನು ತಂದು, ಇಂಥ ಹೊರಗಿನ ಸರಕಿನ ಮೇಲೆ ಅದು ಎಲ್ಲಿ ಮಾಡಿದ್ದು ಅಂತ ಇರಬೇಕು ಅಂದಿತು. ‘ಮೇಡ್ ಇನ್ ಜರ್ಮನಿ’ ಅನ್ನುವ ಮಾತು ಜೋರಾಗಿ ಚಾಲ್ತಿಗೆ ಬಂದದ್ದು ಹೀಗೆ. ಜೋಲಿಂಗೆನ್‌ನವರು ಕೆಲಸ ಇನ್ನೂ ಚೆನ್ನಾಗಿ ಮಾಡಿದರು. ಕೆಲವೇ ವರ್ಷಗಳಲ್ಲಿ ಜನ ಆ ಮಾತನ್ನು ನೋಡಿಯೇ ಕೊಳ್ಳತೊಡಗಿದರು. 1938ರಲ್ಲಿ ಜೋಲಿಂಗೆನ್ ಅನ್ನುವ ಹೆಸರನ್ನು ಕಾಪಾಡಲು ಜರ್ಮನಿಯೇ ಪ್ರತ್ಯೇಕ ಕಾನೂನು ಮಾಡಿಕೊಂಡಿತು.

ಇದು ನಮಗೆ ದೂರದ ಕಥೆ ಅಲ್ಲ. ನಿಮ್ಮ ಹಾವೇರಿ ಜಿಲ್ಲೆಯದೇ ಬ್ಯಾಡಗಿ ಮೆಣಸಿನಕಾಯಿ. ಅದಕ್ಕೆ 2011ರಲ್ಲಿ, ಊರಿನ ಹೆಸರನ್ನು ಕಾಪಾಡುವ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಬೇರೆ ಕಡೆಯ ಕೆಂಪು ಕಾಯಿ ಚೀಲದಲ್ಲಿ ತುಂಬಿ ಬ್ಯಾಡಗಿ ಅಂತ ಬರೆದರೆ ನಿಮ್ಮ ಗೆಳೆಯನಿಗೆ ಸಿಟ್ಟು ಬರುವುದಿಲ್ಲವೇ? ಹುಬ್ಬಳ್ಳಿಯ ಹೆಸರೂ ಹಾಗೇ. ಇಲ್ಲಿ ನಿಜವಾಗಿ ಉಕ್ಕು ಕಾಯಿಸಿ ಅಲಗು ಮಾಡುವವರಿದ್ದಾರೆ. ಹೊರಗಿನ ಅಲಗಿನ ಮೇಲೆ ಹುಬ್ಬಳ್ಳಿ ಅಂತ ಬರೆದರೆ ಅವರ ಹೊಟ್ಟೆಯ ಮೇಲೆ ಹೊಡೆದ ಹಾಗೆ.

‘ಹಾಗಾದರೆ ನಾನು ಬರೀ ಜೋಡಿಸುವವನಾ’ ಅಂತ ನಿಮಗೆ ಬೇಸರ ಆಗಬಹುದು. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ 1957ರಿಂದ ಇದೆ. ರಾಷ್ಟ್ರಧ್ವಜ ಮಾಡುವುದರಲ್ಲಿ ಅದಕ್ಕೆ ಇಡೀ ದೇಶದಲ್ಲಿ ಹೆಸರಿದೆ. ಆದರೆ ಧ್ವಜದ ಬಟ್ಟೆ ನೇಯ್ದು ಬರುವುದು ಬಾಗಲಕೋಟೆ ಕಡೆಯಿಂದ. ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಪರೀಕ್ಷೆ ನಡೆಯುತ್ತವೆ. ನೇಯ್ಗೆಯವರ ಕೆಲಸ ನೇಯ್ಗೆಯವರದು, ಹೊಲಿಗೆಯವರ ಕೆಲಸ ಹೊಲಿಗೆಯವರದು. ಯಾರಿಗೂ ಅದರಿಂದ ಗೌರವ ಕಡಿಮೆ ಆಗಿಲ್ಲ. ನಿಮ್ಮ ಕಿಟ್ ಮಾಡಿದವರ ಕೆಲಸವನ್ನೂ ಹಾಗೇ ನೋಡಿ. ಅದು ಚೀನಾದ ಯಾಂಗ್‌ಜಿಯಾಂಗ್‌ನದು ಅಂತಿಟ್ಟುಕೊಳ್ಳಿ. ಆ ಊರಿನವರು ತಲೆತಲಾಂತರದಿಂದ ಚಾಕು ಕತ್ತರಿ ಮಾಡಿಕೊಂಡು ಬಂದವರು. ಅವರ ಅಲಗು ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನೋಣ, ಅವರದು ಅಂತಲೂ ಅನ್ನೋಣ.

ಈಗ ಏನು ಬರೆಯುವುದು ಅಂತ ನೋಡೋಣ. ಅಲಗಿನ ಮೇಲೆ ಕಿಟ್‌ನವರ ಗುರುತು ಇದ್ದರೆ ಹಾಗೇ ಬಿಡಿ. ಅದನ್ನು ಉಜ್ಜಿ ತೆಗೆದು ನಿಮ್ಮದನ್ನು ಹಾಕುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಗುರುತು ಇಲ್ಲದಿದ್ದರೆ ಖಾಲಿ ಬಿಡಿ. ನಿಮ್ಮ ಹೆಸರು ಲೈನರ್‌ನ ಒಳಮೈಯಲ್ಲಿ, ಅಲಗು ತೆರೆದಾಗ ಕಾಣುವ ಜಾಗದಲ್ಲಿ ಬರಲಿ: ‘ಹಿಡಿಕೆ, ಜೋಡಣೆ’ ಅಂತ ಬರೆದು, ಕೆಳಗೆ ಹೆಸರು, ಹುಬ್ಬಳ್ಳಿ, ವರ್ಷ, ಎಷ್ಟನೇ ಚಾಕು ಅನ್ನುವ ಸಂಖ್ಯೆ. ‘ಜೋಡಣೆ’ ಒಳ್ಳೆಯ ಮಾತು, ಅದಕ್ಕೆ ನಾಚಬೇಕಾಗಿಲ್ಲ. ವರ್ಷ ಮತ್ತು ಸಂಖ್ಯೆ ಇದ್ದರೆ ಮುಂದೆ ರಿಪೇರಿಗೆ ಬಂದಾಗ ಯಾವ ಕಂತಿನ ಕಿಟ್ ಅಂತ ನಿಮಗೇ ಗೊತ್ತಾಗುತ್ತದೆ. ಅಮೆರಿಕದ ಕೇಸ್ ಕಂಪನಿಯವರು 1970ರಿಂದ ಅಲಗಿನ ಬುಡದ ಮುದ್ರೆಯಲ್ಲಿ ಚುಕ್ಕಿಗಳನ್ನು ಇಟ್ಟು ವರ್ಷ ತಿಳಿಸುವ ಪದ್ಧತಿ ತಂದರು. ಆ ಚುಕ್ಕಿ ಎಣಿಸಿ ಇವತ್ತಿಗೂ ಜನ ಹಳೆಯ ಚಾಕುವಿನ ವಯಸ್ಸು ಹೇಳುತ್ತಾರೆ.

‘ಕೈಯಿಂದ ಮಾಡಿದ್ದು’ ಅನ್ನುವುದನ್ನು ಹಿಡಿಕೆಗೆ ಮಾತ್ರ ಇಟ್ಟುಕೊಳ್ಳಿ. ಅಲಗಿಗೆ ನೀವು ಹೊಸ ಬಾಯಿ ಕೊಟ್ಟಿದ್ದರೆ ‘ಸಾಣೆ’ ಅಂತ ಸೇರಿಸಬಹುದು. ಒಂದು ಎಚ್ಚರ: ಗ್ರೈಂಡರ್‌ಗೆ ಹಿಡಿದು ಸಾಣೆ ಮಾಡುವಾಗ ಬಾಯಿಯಲ್ಲಿ ನೀಲಿ ಬಣ್ಣ ಕಂಡರೆ, ಸಾದಾ ಕಾರ್ಬನ್ ಉಕ್ಕಾದರೆ ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ ಅರ್ಥ. ಆ ಜಾಗದ ಹದ ಹೋಯಿತು. ಕಲ್ಲಿನ ಮೇಲೆ ಕೈಯಿಂದ, ಒಂದೊಂದು ಕಡೆ ಸುಮಾರು 20 ಡಿಗ್ರಿ ಓರೆ ಹಿಡಿದು ಮಾಡಿದರೆ ಈ ಭಯವೇ ಇಲ್ಲ.

ಹಾಕುವ ವಿಧಾನ. ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆಯುವುದು ಗಡಸು ಮಾಡುವ ಮೊದಲು ಮಾಡುವ ಕೆಲಸ. ತಯಾರಾದ ಅಲಗಿನ ಮೇಲೆ ಹಾಗೆ ಹೊಡೆದರೆ ಅಚ್ಚಿನ ಮೂತಿ ಹಾಳಾಗುತ್ತದೆ, ಅಲಗು ಬಿರುಕು ಬಿಡುತ್ತದೆ. ಲೈನರ್ ತಗಡಿಗೆ ಕರೆಂಟಿನ ವಿಧಾನ ಸುಲಭ. ರೇಡಿಯಂ ಸ್ಟಿಕ್ಕರ್ ಅಂಗಡಿಯಲ್ಲಿ ನಿಮ್ಮ ಅಕ್ಷರಗಳನ್ನು ಕೊರೆಸಿ. ಅಕ್ಷರದ ಜಾಗ ಖಾಲಿ ಇರಬೇಕು, ಸುತ್ತಲಿನದು ಅಂಟಬೇಕು. ತಗಡನ್ನು ಸ್ಪಿರಿಟ್‌ನಿಂದ ಒರೆಸಿ, ಸ್ಟಿಕ್ಕರ್ ಅಂಟಿಸಿ, ಉಳಿದ ಜಾಗಕ್ಕೆ ಟೇಪ್ ಹಾಕಿ. 9 ವೋಲ್ಟ್ ಬ್ಯಾಟರಿಯ ಪ್ಲಸ್ ತಂತಿಯನ್ನು ತಗಡಿಗೆ ಸೇರಿಸಿ. ಮೈನಸ್ ತಂತಿಯನ್ನು ಉಪ್ಪುನೀರಿನಲ್ಲಿ ಅದ್ದಿದ ಕಿವಿಕಡ್ಡಿಯ ಹತ್ತಿಗೆ ಸುತ್ತಿ. ಬರೀ ತಂತಿ ತಗಡಿಗೆ ತಾಗಬಾರದು. ಹತ್ತಿಯನ್ನು ಅಕ್ಷರದ ಮೇಲೆ ನಾಲ್ಕೈದು ಸೆಕೆಂಡ್ ಒತ್ತಿ, ಎತ್ತಿ, ಮತ್ತೆ ಒತ್ತಿ. ಚುಯ್ ಅಂತ ಸಣ್ಣ ಗುಳ್ಳೆ ಏಳುತ್ತವೆ, ಹತ್ತಿ ಕಪ್ಪಾಗುತ್ತದೆ. ಒಂದೆರಡು ನಿಮಿಷದಲ್ಲಿ ಉಗುರಿಗೆ ಸಿಗುವಷ್ಟು ಆಳ ಬರುತ್ತದೆ. ಸ್ಟೇನ್‌ಲೆಸ್ ಉಕ್ಕಿನಿಂದ ಬರುವ ಆ ಕೊಳೆ ಒಳ್ಳೆಯದಲ್ಲ. ಕೈಗವಸು ಹಾಕಿ, ಕಿಟಕಿ ತೆರೆದು ಮಾಡಿ. ಮುಗಿದ ಮೇಲೆ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ಮರುದಿನ ತುಕ್ಕು ಕಾಣುತ್ತದೆ. ಇಷ್ಟು ರಗಳೆ ಬೇಡ ಅಂದರೆ ಲೇಸರ್ ಅಂಗಡಿಗೆ ಕೊಡಿ.

ಚಾಕುವಿನ ಜೊತೆ ಒಂದು ಸಣ್ಣ ಚೀಟಿ ಕೊಡಿ. ತಗಡಿನ ಮೇಲೆ ಹಿಡಿಸದ ಮಾತೆಲ್ಲಾ ಅದರಲ್ಲಿ ಬರಲಿ. ಅಲಗು, ಲೈನರ್, ಲಾಕ್ ಕಿಟ್‌ನವು, ಯಾವ ದೇಶದ್ದು ಅಂತ ಬರೆಯಿರಿ. ಉಕ್ಕಿನ ಹೆಸರನ್ನು ನೀವಾಗಿ ಹೇಳಬೇಡಿ. ಡಿ2 ಅಂತ ಪೊಟ್ಟಣದ ಮೇಲೆ ಇದ್ದರೆ ‘ಮಾರಿದವರು ಹೇಳಿದಂತೆ ಡಿ2’ ಅನ್ನಿ. ಬೇಕಾದರೆ ಒಂದು ಅಲಗನ್ನು ಗಡಸುತನ ನೋಡುವ ಮಷಿನ್ ಇರುವ ಕಡೆ ಪರೀಕ್ಷೆ ಮಾಡಿಸಿ. ಹಿಡಿಕೆಯೊಳಗೆ ಮುಚ್ಚಿಹೋಗುವ ಬುಡದ ಮೇಲೆ ಸಣ್ಣ ಚುಕ್ಕೆ ಬೀಳುತ್ತದೆ ಅಷ್ಟೇ. ಆಗ ಬಂದ ಸಂಖ್ಯೆಯನ್ನು ಧೈರ್ಯವಾಗಿ ಬರೆಯಬಹುದು. ಡಮಾಸ್ಕಸ್ ಅಂತ ಅಲೆಅಲೆ ಕಾಣುವ ಕಿಟ್ ತಂದರೆ ಇನ್ನೂ ಹುಷಾರು. ಎಷ್ಟೋ ಅಲಗುಗಳಲ್ಲಿ ಆ ಅಲೆ ಮೇಲ್ಮೈಗೆ ಮಾತ್ರ. ಬುಡದ ಹತ್ತಿರ ಸ್ವಲ್ಪ ಉಜ್ಜಿ, ಲೋಹವನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣ ಹಚ್ಚಿ. ಪದರ ಪದರ ಬೆಸೆದ ಉಕ್ಕಾದರೆ ಅಲೆ ಮತ್ತೆ ಏಳುತ್ತದೆ. ಬರೀ ಮೇಲಿನದಾದರೆ ಮತ್ತೆ ಬರುವುದಿಲ್ಲ.

ಮತ್ತು ಆ ಚೀಟಿಯಲ್ಲಿ ಚಕ್ಕಡಿಯ ಕಥೆ ಬರೆಯಿರಿ. ಇದನ್ನು ಯಾಕೆ ಮುಚ್ಚಿಡುತ್ತಿದ್ದೀರಿ ಅಂತ ನನಗೆ ಅರ್ಥ ಆಗಲಿಲ್ಲ. ಅಜ್ಜ ಹೊಡೆದ ಚಕ್ಕಡಿ, ಯಾವ ಊರು, ಕಟ್ಟಿಗೆ ಚಕ್ರದ್ದೋ ನೊಗದ್ದೋ. ಅಂಥ ಕಟ್ಟಿಗೆ ಯಾವ ಕಿಟ್‌ನಲ್ಲೂ ಬರುವುದಿಲ್ಲ. ಹೊರಮೈಗೆ ‘ಕುದಿಸಿದ ಅಗಸೆ ಎಣ್ಣೆ’ (ಬಾಯ್ಲ್ಡ್ ಲಿನ್‌ಸೀಡ್ ಆಯಿಲ್) ತೆಳುವಾಗಿ ಹಚ್ಚಿದರೆ ಜಾಲಿಯ ಕೆಂಪು ಚೆನ್ನಾಗಿ ಏಳುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಬೆಂಕಿ ಹತ್ತುತ್ತದೆ. ಬಿಡಿಸಿ ಹರಡಿ ಒಣಗಿಸಿ. ಮುಂದೆ ಯಾರಾದರೂ ಜಿಂಕೆ ಕೊಂಬು ತಂದುಕೊಟ್ಟು ಹಿಡಿಕೆ ಮಾಡಿಕೊಡಿ ಅಂದರೆ ಕೈಮುಗಿದು ಕಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ.

ಕಾನೂನಿನ ಮಾತು ಬಂತು, ಹೇಳಿಬಿಡುತ್ತೇನೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೇ ಕಲಮಿನಲ್ಲಿ, ಸರಕಿನ ಮೇಲೆ ಸುಳ್ಳು ವಿವರ ಹಾಕಿದರೆ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ತನಕ ದಂಡ ಅಂತ ಇದೆ. ಎಲ್ಲಿ ಮಾಡಿದ್ದು, ಯಾರು ಮಾಡಿದ್ದು ಅನ್ನುವುದೂ ಆ ವಿವರದಲ್ಲಿ ಸೇರುತ್ತದೆ. ಡಬ್ಬಿಯಲ್ಲಿ ಹಾಕಿ ಅಂಗಡಿಗೆ ಕೊಡುವ ಮಟ್ಟಕ್ಕೆ ಬೆಳೆದರೆ, 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ಬೆಲೆ, ತಿಂಗಳು ವರ್ಷ, ಹೊರದೇಶದ ಮಾಲಾದರೆ ದೇಶದ ಹೆಸರು ಡಬ್ಬಿಯ ಮೇಲೆ ಬೇಕು. ಇನ್ನು ಶಸ್ತ್ರಾಸ್ತ್ರ ನಿಯಮಗಳು ಮನೆಗೆಲಸ, ಹೊಲದ ಕೆಲಸ, ಕಾರ್ಖಾನೆ ಇಂಥವುಗಳಿಗೆ ಮಾಡದೇ ಇರುವ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು ಆಯುಧದ ಸಾಲಿಗೆ ಸೇರಿಸುತ್ತವೆ. ನಿಮ್ಮವು ಮೂರು ಇಂಚಿನವು, ಹಣ್ಣು ಹಗ್ಗ ಕೊಯ್ಯುವಂಥವು. ಹಾಗೇ ಇರಲಿ. ಗುಂಡಿ ಒತ್ತಿದರೆ ಹಾರಿ ತೆರೆಯುವ ಕಿಟ್‌ಗಳ ಕಡೆ ಹೋಗಬೇಡಿ. ಜಾತ್ರೆ, ಮೆರವಣಿಗೆಗೆ ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ ಅಂತ ಕೊಂಡವರಿಗೂ ಹೇಳಿ.

ಅಲಗಿನ ಮೇಲೇ ಹೆಸರು ಬೇಕು ಅನ್ನುವ ಆಸೆ ಇದೆಯಲ್ವಾ, ಅದು ಒಳ್ಳೆಯ ಆಸೆ. ಅದಕ್ಕೆ ದಾರಿಯೂ ಇದೆ. ಲಾರಿಯ ಹಳೆಯ ಕಮಾನ್ ಪಟ್ಟಿಯ ಒಂದು ತುಂಡು ತನ್ನಿ. ಕಿಟ್‌ನ ಅಲಗನ್ನೇ ಅಳತೆ ಇಟ್ಟು ಗೀಚಿಕೊಳ್ಳಿ, ಕೊಯ್ಯಿರಿ, ಅರ ಹಾಕಿ, ತೂತು ಕೊರೆಯಿರಿ. ಕಾಯಿಸುವುದಕ್ಕೆ ನಿಮ್ಮೂರಿನ ಕಮ್ಮಾರರ ಕುಲುಮೆಗೆ ಹೋಗಿ, ಅವರ ಪಕ್ಕದಲ್ಲಿ ಕೂತು, ಯಾವ ಬಣ್ಣಕ್ಕೆ ತೆಗೆಯುತ್ತಾರೆ ಅಂತ ನೋಡಿ. ಮೊದಲ ಮೂರ್ನಾಲ್ಕು ಸೊಟ್ಟಗಾಗುತ್ತವೆ. ಐದನೆಯದು ನಿಂತರೆ, ಗಡಸು ಮಾಡುವ ಮೊದಲೇ ಬುಡದಲ್ಲಿ ನಿಮ್ಮ ಅಚ್ಚು ಹೊಡೆಯಿರಿ, ಪಕ್ಕದಲ್ಲಿ ನೀರು ಕುಡಿಸಿದವರ ಗುರುತನ್ನೂ ಹೊಡೆಯಿರಿ.

ಇನ್ನು ಆ ಮೂರು ಚಾಕುಗಳು. ಮನೆಯಲ್ಲಿರುವ ಎರಡನ್ನು ಬಿಚ್ಚಿ, ಅಲಗನ್ನು ಸಪಾಟು ಮರದ ಮೇಲೆ ಟೇಪಿನಿಂದ ಹಿಡಿಸಿ, 400ರ ಪೇಪರಿನಿಂದ ಬುಡದಿಂದ ಮೊನೆಯ ಕಡೆಗೆ, ಒಂದೇ ದಿಕ್ಕಿನಲ್ಲಿ ಉಜ್ಜಿ. ಆಮೇಲೆ 600. ಅಕ್ಷರ ಆಳವಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಹೋಗದಿದ್ದರೆ ಅವನ್ನು ಮಾರಬೇಡಿ, ನಿಮ್ಮ ಅಡುಗೆಮನೆಯಲ್ಲಿ ಇರಲಿ. ಮೂರನೆಯದಕ್ಕೆ ಇವತ್ತೇ ಬ್ಯಾಡಗಿಗೆ ಫೋನ್ ಮಾಡಿ. ‘ಅಲಗು ನಾನು ಮಾಡಿದ್ದಲ್ಲ, ಕಿಟ್‌ನದು. ಹಿಡಿಕೆ ಮಾತ್ರ ನಮ್ಮ ಚಕ್ಕಡಿಯದು, ಅದು ನಾನೇ ಮಾಡಿದ್ದು. ಹೆಸರು ತೆಗೆದು ಸರಿಯಾಗಿ ಹಾಕಿಕೊಡುತ್ತೇನೆ, ಬೇಡ ಅಂದರೆ ದುಡ್ಡು ವಾಪಸ್’ ಅಂತ ಹೇಳಿ. ಗೆಳೆಯ ಇಟ್ಟುಕೊಳ್ಳುತ್ತಾನೆ ಅಂತ ನನಗೆ ಅನಿಸುತ್ತದೆ. ಚಾಕು ಕೈಗೆ ಬಂದಾಗ ಹೆಸರು ತೆಗೆಯುವುದರ ಜೊತೆಗೆ ಲಾಕ್ ಕೂಡ ಒಮ್ಮೆ ಬೆಳಕಿಗೆ ಹಿಡಿದು ನೋಡಿ.